ಚರ್ಮ ಕಿತ್ತುಕೊಳ್ಳುವ ಗೀಳಿಗೆ ಯಾವ ಕೋಡ್ ಹಾಕಬೇಕು?

ಪ್ರಶ್ನೆ: ಅಮೆರಿಕದ ಆಸ್ಪತ್ರೆಗಳಿಗೆ ಮೆಡಿಕಲ್ ಕೋಡಿಂಗ್ ಮಾಡುವ ಬೆಂಗಳೂರಿನ ಕಂಪನಿಯೊಂದರಲ್ಲಿ ಈಗಷ್ಟೇ ತರಬೇತಿಗೆ ಸೇರಿದ್ದೇನೆ. ಮೈಮೇಲಿನ ಚರ್ಮವನ್ನು ತಾನೇ ಕೆರೆದು, ಚಿವುಟಿ, ಕಿತ್ತುಕೊಳ್ಳುವ ಗೀಳಿಗೆ ಎಫ್42.4 ಹಾಕಬೇಕೆಂದು ನಮಗೆ ಹೇಳಿಕೊಟ್ಟರು. ನನ್ನ ಅಕ್ಕ ಇಲ್ಲಿಯ ಆಸ್ಪತ್ರೆಯೊಂದರ ಎಂ.ಆರ್.ಡಿ.ಯಲ್ಲಿ, ಅಂದರೆ ವೈದ್ಯಕೀಯ ದಾಖಲೆಗಳ ವಿಭಾಗದಲ್ಲಿದ್ದಾಳೆ. "ಅಂಥ ಕೋಡೇ ಇಲ್ಲ ಕಣೇ, ನಾವು ಎಲ್98.1 ಹಾಕೋದು" ಅನ್ನುತ್ತಾಳೆ. ಇಬ್ಬರೂ ನೋಡುವುದು ಐಸಿಡಿ-10 ಪುಸ್ತಕವನ್ನೇ. ಯಾರು ಸರಿ? ಅಷ್ಟಕ್ಕೂ ಇದು ಚರ್ಮದ ಕಾಯಿಲೆಯೋ, ಮನಸ್ಸಿನದೋ? ಚಾರ್ಟ್‌ನಲ್ಲಿ ನಾನು ಏನನ್ನು ಹುಡುಕಬೇಕು?

ಉತ್ತರ: ಕೆಲಸಕ್ಕೆ ಸೇರಿದ ಹೊಸತರಲ್ಲೇ ಈ ಪ್ರಶ್ನೆ ನಿಮಗೆ ಬಂದಿರುವುದು ಸಂತೋಷದ ವಿಷಯ. ನಿಮ್ಮ ಸಂಶಯದಲ್ಲಿ ಮೂರು ಎಳೆಗಳಿವೆ: ಕೋಡ್ ಯಾವುದು, ಕಾಯಿಲೆ ಯಾವ ಜಾತಿಯದು, ವೈದ್ಯರ ಬರಹದಲ್ಲಿ ಏನಿರಬೇಕು. ಮೊದಲನೆಯದಕ್ಕೆ ಉತ್ತರ ಚಿಕ್ಕದು. ನೀವೂ ಸರಿ, ನಿಮ್ಮ ಅಕ್ಕನೂ ಸರಿ.

ಇಬ್ಬರೂ ಐಸಿಡಿ-10 ಅನ್ನುತ್ತೀರಿ, ಆದರೆ ನೋಡುತ್ತಿರುವುದು ಎರಡು ಬೇರೆ ಪುಸ್ತಕಗಳನ್ನು. ಅಕ್ಕನ ಕೈಯಲ್ಲಿರುವುದು ಕಾಯಿಲೆಗಳನ್ನು ವರ್ಗೀಕರಿಸಿ ಕೋಡ್ ಕೊಡುವ ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಐಸಿಡಿ-10. ನಿಮ್ಮ ಮೇಜಿನ ಮೇಲಿರುವುದು ಐಸಿಡಿ-10-ಸಿಎಂ, ಅಂದರೆ ಮೂಲವನ್ನು ಇಟ್ಟುಕೊಂಡು ಅಮೆರಿಕ ತನ್ನ ಆಸ್ಪತ್ರೆ ಮತ್ತು ವಿಮೆಯ ವ್ಯವಹಾರಕ್ಕೆಂದು ವಿಸ್ತರಿಸಿಕೊಂಡ ಆವೃತ್ತಿ. ಅಲ್ಲಿ ಅದು 2015ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಅದಕ್ಕೆ ಹೊಸ ಕೋಡ್‌ಗಳು ಸೇರುತ್ತವೆ, ಹಳೆಯವು ಹೋಗುತ್ತವೆ. ಎರಡು ಮಠದವರು ಎರಡು ಪಂಚಾಂಗ ನೋಡಿ ಏಕಾದಶಿಯನ್ನು ಬೇರೆ ಬೇರೆ ದಿನ ಆಚರಿಸುವುದನ್ನು ನೀವು ಕಂಡಿರಬಹುದು. ಅವರವರ ಲೆಕ್ಕದಲ್ಲಿ ಇಬ್ಬರೂ ಸರಿ. ಇಲ್ಲಿಯೂ ಹಾಗೆಯೇ.

ಮೂಲ ಪುಸ್ತಕದ ಎಫ್42 ಗೀಳು ರೋಗದ ಮನೆ. ಅಲ್ಲಿ .0, .1, .2, .8, .9 ಇವೆ, .4 ಇಲ್ಲ. ಅಕ್ಕ 'ಅಂಥ ಕೋಡೇ ಇಲ್ಲ' ಅಂದದ್ದು ಅಕ್ಷರಶಃ ನಿಜ. ಚರ್ಮದ ಅಧ್ಯಾಯದ ಎಲ್98.1ರ ಕೆಳಗೆ 'ನ್ಯೂರಾಟಿಕ್ ಎಕ್ಸ್‌ಕೋರಿಯೇಶನ್' ಎಂಬ ಹಳೆಯ ಹೆಸರು ಇರುವುದರಿಂದ ಅವರು ಆ ಕೋಡ್ ಹಾಕುತ್ತಾರೆ. ಮನೋವೈದ್ಯರು ಇದನ್ನು ಅಭ್ಯಾಸ ಮತ್ತು ಆವೇಗದ ತೊಂದರೆ ಎಂದು ಬರೆದಿದ್ದರೆ ಅದೇ ಪುಸ್ತಕದಲ್ಲಿ ಎಫ್63.8ಕ್ಕೂ ಹೋಗಬಹುದು. ಅಮೆರಿಕದ ಪುಸ್ತಕದಲ್ಲಿ ಎಫ್42.4 ಎಂಬುದು ಈ ಗೀಳಿಗೆಂದೇ ಮಾಡಿದ ಕೋಡ್.

ಆ ಕೋಡ್ ಅಲ್ಲಿಗೂ ಮೊದಲಿನಿಂದ ಬಂದದ್ದಲ್ಲ. ಅದು ಬಂದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಈ ತೊಂದರೆಯನ್ನು ಮೊದಲು ಗುರುತಿಸಿ ಬರೆದವರು ಚರ್ಮವೈದ್ಯರು. 1875ರಲ್ಲಿ ಇಂಗ್ಲೆಂಡಿನ ಎರಾಸ್ಮಸ್ ವಿಲ್ಸನ್ ಇದಕ್ಕೆ 'ನ್ಯೂರಾಟಿಕ್ ಎಕ್ಸ್‌ಕೋರಿಯೇಶನ್' ಎಂಬ ಹೆಸರು ಕೊಟ್ಟರು. 1898ರಲ್ಲಿ ಫ್ರಾನ್ಸಿನ ಬ್ರೋಕ್, ಮೊಡವೆಗಳನ್ನು ಬಿಡದೆ ಹಿಸುಕಿ ಗಾಯ ಮಾಡಿಕೊಳ್ಳುವ ಹುಡುಗಿಯರ ಬಗ್ಗೆ ಬರೆದರು. ಅವರು ವಿವರಿಸಿದ ಆ ತೊಂದರೆಗೆ ಇಂದಿಗೂ ಎಲ್70.5 ಎಂಬ ಪ್ರತ್ಯೇಕ ಕೋಡ್ ಇದೆ. ರೋಗಿ ಮೊದಲು ಹೋಗುತ್ತಿದ್ದದ್ದು ಚರ್ಮದ ಡಾಕ್ಟರ ಬಳಿಗೆ. ಹಾಗಾಗಿ ಕೋಡ್ ಕೂಡ ಚರ್ಮದ ಅಧ್ಯಾಯದಲ್ಲೇ ಕುಳಿತಿತು.

ಮನೋವೈದ್ಯರು ಇದಕ್ಕೆ ತಮ್ಮ ಪುಸ್ತಕದಲ್ಲಿ ಸ್ವಂತ ಸ್ಥಾನ ಕೊಟ್ಟದ್ದು 2013ರಲ್ಲಿ. ಅಮೆರಿಕದ ಮನೋವೈದ್ಯರ ಸಂಘ ಆ ವರ್ಷ ಹೊರತಂದ ಡಿಎಸ್ಎಂ-5ರಲ್ಲಿ ಎಕ್ಸ್‌ಕೋರಿಯೇಶನ್ ಡಿಸಾರ್ಡರ್ ಎಂಬ ರೋಗನಿರ್ಣಯ ಮೊದಲ ಬಾರಿಗೆ ಬಂತು, ಅದೂ ಗೀಳು ರೋಗ ಮತ್ತು ಅದರ ಸಂಬಂಧಿಗಳ ಅಧ್ಯಾಯದಲ್ಲಿ. ಆದರೆ ಕೋಡ್ ಪುಸ್ತಕ ಇನ್ನೂ ಬದಲಾಗಿರಲಿಲ್ಲ. ಹಳೆಯ ಐಸಿಡಿ-9-ಸಿಎಂನ 698.4, ಮುಂದೆ ಬರಲಿದ್ದ ಐಸಿಡಿ-10-ಸಿಎಂನ ಎಲ್98.1, ಈ ಎರಡನ್ನೇ ಡಿಎಸ್ಎಂ-5 ಮುದ್ರಿಸಿತು. ಎರಡೂ ಚರ್ಮದ ಅಧ್ಯಾಯದವು. ಮನೋವೈದ್ಯರು ಗೀಳಿನ ಕಾಯಿಲೆ ಎಂದು ನಿರ್ಣಯಿಸಿ, ಅದಕ್ಕೆ ಚರ್ಮದ ಕೋಡ್ ಬರೆಯಬೇಕಾದ ಸ್ಥಿತಿ. ಅದು ಸರಿಹೋದದ್ದು 2016ರ ಅಕ್ಟೋಬರ್ 1ರಂದು. ಅಲ್ಲಿಯವರೆಗೆ ಒಂದೇ ಕೋಡ್ ಆಗಿದ್ದ ಅಮೆರಿಕದ ಎಫ್42 ಅಂದು ಒಡೆದು, ಮಿಶ್ರ ಗೀಳಿಗೆ .2, ಕಂಡದ್ದನ್ನೆಲ್ಲ ಕೂಡಿಟ್ಟುಕೊಳ್ಳುವ ಗೀಳಿಗೆ .3, ಚರ್ಮ ಕಿತ್ತುಕೊಳ್ಳುವುದಕ್ಕೆ .4, ಇತರೆಗೆ .8, ನಿರ್ದಿಷ್ಟವಲ್ಲದ್ದಕ್ಕೆ .9 ಆಯಿತು. ಹಳೆಯ ಚಾರ್ಟ್ ಆಡಿಟ್‌ಗೆ ಬಂದರೆ ಭೇಟಿಯ ತಾರೀಖು ನೋಡಿ. 2016ರ ಸೆಪ್ಟೆಂಬರ್‌ನ ಚಾರ್ಟ್‌ನಲ್ಲಿ ಎಲ್98.1 ಇದ್ದರೆ ಅದನ್ನು ತಪ್ಪೆಂದು ಗುರುತು ಹಾಕಬೇಡಿ.

ಹಾಗಾದರೆ ಇದು ಮನಸ್ಸಿನದೋ, ಚರ್ಮದ್ದೋ? ಗಾಯ ಚರ್ಮದ ಮೇಲೆ ಇದೆ, ಕಾಯಿಲೆ ಮನೋವೈದ್ಯಕೀಯ ವರ್ಗದ್ದು ಎಂಬುದು ಇಂದಿನ ಒಮ್ಮತ. ವಿಶ್ವ ಆರೋಗ್ಯ ಸಂಸ್ಥೆಯೂ ಅಲ್ಲಿಗೇ ಬಂದಿದೆ. 2022ರ ಜನವರಿ 1ರಿಂದ ಜಾರಿಗೆ ಬಂದ ಐಸಿಡಿ-11ರಲ್ಲಿ ಇದು 6ಬಿ25.1. ಕೂದಲು ಕಿತ್ತುಕೊಳ್ಳುವ ಗೀಳು ಇದರ ಪಕ್ಕದಲ್ಲೇ 6ಬಿ25.0 ಆಗಿ ಕುಳಿತಿದೆ. ಅಕ್ಕನ ಆಸ್ಪತ್ರೆ ಐಸಿಡಿ-11ಕ್ಕೆ ಹೋದ ಮೇಲೆ ಅವರ ಬಳಿಯೂ ಇದಕ್ಕೆಂದೇ ಒಂದು ಕೋಡ್ ಇರುತ್ತದೆ. ಅಮೆರಿಕದ ಪುಸ್ತಕದಲ್ಲಿ ಮಾತ್ರ ಈ ಜೋಡಿ ಇನ್ನೂ ಬೇರೆ ಬೇರೆ ಮನೆಗಳಲ್ಲಿದೆ. ಚರ್ಮ ಕೀಳುವುದು ಎಫ್42.4 ಆದರೆ ಕೂದಲು ಕೀಳುವುದು ಎಫ್63.3. ಪಕ್ಕಪಕ್ಕದಲ್ಲಿರಬಹುದೆಂದು ಊಹಿಸಿ ಹುಡುಕಿದರೆ ಸಿಗುವುದಿಲ್ಲ.

ಈಗ ನಿಮ್ಮ ಕೆಲಸದ ಭಾಗಕ್ಕೆ ಬರೋಣ. ನಿಮ್ಮ ಪುಸ್ತಕದಲ್ಲಿ ಎಫ್42.4ರ ಕೆಳಗೆ ಎಕ್ಸ್‌ಕ್ಲೂಡ್ಸ್ 1 ಎಂಬ ಸೂಚನೆ ಇದೆ, ಅದರಲ್ಲಿ ಎಲ್98.1 ಇದೆ. ಎಲ್98.1ರ ಕೆಳಗೆ ಹೋದರೆ ಅಲ್ಲಿಯೂ ಎಫ್42.4ನ್ನು ಹೊರಗಿಟ್ಟಿದ್ದಾರೆ. ಎಕ್ಸ್‌ಕ್ಲೂಡ್ಸ್ 1 ಎಂದರೆ ಒಂದೇ ತೊಂದರೆಗೆ ಈ ಎರಡನ್ನೂ ಒಟ್ಟಿಗೆ ಹಾಕುವಂತಿಲ್ಲ ಎಂದರ್ಥ. 'ಮನಸ್ಸಿಗೊಂದು, ಚರ್ಮಕ್ಕೊಂದು ಇರಲಿ' ಎಂದು ಎರಡನ್ನೂ ಸೇರಿಸುವುದು ಹೊಸಬರಿಗೆ ಸಹಜವಾಗಿ ತೋಚುವ ದಾರಿ. ಪುಸ್ತಕ ಅದನ್ನು ಒಪ್ಪುವುದಿಲ್ಲ. ಉಗುರು ಕಚ್ಚುವಂಥ ಬಾಲ್ಯದ ಅಭ್ಯಾಸಗಳಿರುವ ಎಫ್98.8 ಕೂಡ ಇದೇ ಸೂಚನೆಯಲ್ಲಿದೆ.

ಹಾಗಿದ್ದರೆ ಎಲ್98.1 ಯಾರಿಗೆ? ಇಲ್ಲಿಯೇ ಹೆಚ್ಚಿನವರು ಗೊಂದಲಕ್ಕೆ ಬೀಳುತ್ತಾರೆ, ಹಾಗಾಗಿ ನಿಧಾನವಾಗಿ ನೋಡಿ. ಅದು ಮುಖ್ಯವಾಗಿ ಫ್ಯಾಕ್ಟೀಶಿಯಲ್ ಡರ್ಮಟೈಟಿಸ್‌ಗೆ. ಅಲ್ಲಿ ರೋಗಿ ಗಾಯವನ್ನು ಗುಟ್ಟಾಗಿ ತಾನೇ ಮಾಡಿಕೊಂಡು, ಅದು ಹೇಗೆ ಬಂತೋ ತಿಳಿಯದು ಎಂದು ವೈದ್ಯರಿಗೆ ಹೇಳುತ್ತಾನೆ. ಗೀಳಿನ ರೋಗಿ ಹಾಗಲ್ಲ. "ನಾನೇ ಕೀಳುತ್ತೇನೆ ಡಾಕ್ಟ್ರೇ, ಬಿಡೋಕೆ ಆಗ್ತಿಲ್ಲ" ಎಂದು ಒಪ್ಪಿಕೊಳ್ಳುತ್ತಾರೆ. ನಾಚಿಕೆಯಿಂದ ಮೊದಲ ಭೇಟಿಯಲ್ಲಿ ಬಾಯಿ ಬಿಡದಿರಬಹುದು, ತುಂಬು ತೋಳಿನ ಅಂಗಿ ತೊಟ್ಟು ಗಾಯ ಮುಚ್ಚಿಕೊಂಡು ಬರಬಹುದು. ಆದರೆ ವೈದ್ಯರನ್ನು ನಂಬಿಸಿ ದಾರಿ ತಪ್ಪಿಸುವ ಉದ್ದೇಶ ಅವರಿಗಿಲ್ಲ. ಈ ಎರಡು ಗುಂಪುಗಳಿಗೆ ಚಿಕಿತ್ಸೆಯೂ ಬೇರೆ, ಅವರೊಡನೆ ಆಡುವ ಮಾತೂ ಬೇರೆ. ತಪ್ಪು ಕೋಡ್ ಒಮ್ಮೆ ದಾಖಲೆ ಸೇರಿದರೆ, ಸಂಕಟದಲ್ಲಿರುವ ಒಬ್ಬರು ಮುಂದಿನ ಆಸ್ಪತ್ರೆಯಲ್ಲಿ ಸುಳ್ಳು ಹೇಳುವ ರೋಗಿಯಾಗಿ ಕಾಣಬಹುದು. ಈ ಒಂದು ಕಾರಣಕ್ಕಾದರೂ ನಿಮ್ಮ ಪ್ರಶ್ನೆ ದೊಡ್ಡದು ಎಂದು ನನಗನ್ನಿಸುತ್ತದೆ.

ಆದರೆ 'ಇದು ಯಾವ ಗುಂಪು' ಎಂದು ತೀರ್ಮಾನಿಸುವವರು ನೀವಲ್ಲ. ಅದು ವೈದ್ಯರ ಕೆಲಸ. ಕೋಡರ್ ಮಾಡಬೇಕಾದದ್ದು ವೈದ್ಯರು ಬರೆದ ರೋಗನಿರ್ಣಯವನ್ನು ಕೋಡ್‌ಗೆ ತರುವುದು. ಒಂದು ಚಾರ್ಟ್ ನಿಮ್ಮ ಮುಂದೆ ಬಂತು ಎನ್ನಿ. ಅದರಲ್ಲಿ ಇಷ್ಟೇ ಇದೆ: 'ಎರಡೂ ಮುಂಗೈಗಳ ಮೇಲೆ ಎಕ್ಸ್‌ಕೋರಿಯೇಶನ್‌ಗಳಿವೆ. ರೋಗಿ ಚರ್ಮ ಕೆರೆದುಕೊಳ್ಳುತ್ತಾರೆ. ಮುಲಾಮು ಕೊಡಲಾಗಿದೆ.' ಇದಕ್ಕೆ ಎಫ್42.4 ಹಾಕಬಹುದೇ? ಹಾಕುವಂತಿಲ್ಲ. ಇಲ್ಲಿ ಎಕ್ಸ್‌ಕೋರಿಯೇಶನ್ ಎಂಬುದು ವೈದ್ಯರು ಕಣ್ಣಿಂದ ಕಂಡ ಗಾಯ ಮಾತ್ರ. ಕಜ್ಜಿ ಇರುವವರೂ ಕೆರೆದುಕೊಳ್ಳುತ್ತಾರೆ, ಇಸುಬು ಇರುವವರೂ ಕೆರೆದುಕೊಳ್ಳುತ್ತಾರೆ. ಆ ಪದ ಹಿಡಿದು ಇಂಡೆಕ್ಸ್‌ಗೆ ಹೋದರೆ ಅದು ನಿಮ್ಮನ್ನು ತರಚು ಗಾಯದ ಎಸ್ ಕೋಡ್‌ಗಳ ಕಡೆಗೆ ಕಳಿಸುತ್ತದೆ. ಬಿದ್ದು ಕೈ ತರಚಿಕೊಂಡವರ ಸಾಲಿಗೆ ಈ ರೋಗಿ ಸೇರಿಬಿಡುತ್ತಾರೆ. 'ನ್ಯೂರಾಟಿಕ್' ಎಂಬ ಉಪಪದ ಹಿಡಿದರೆ ಎಲ್98.1, 'ಸ್ಕಿನ್ ಪಿಕಿಂಗ್ ಡಿಸಾರ್ಡರ್' ಹಿಡಿದರೆ ಎಫ್42.4. ವೈದ್ಯರು ಆಯ್ದ ಒಂದು ಪದ ನಿಮ್ಮನ್ನು ಮೂರು ಬೇರೆ ಅಧ್ಯಾಯಗಳಿಗೆ ಒಯ್ಯಬಲ್ಲದು.

ಇಂಥ ಕಡೆ ವೈದ್ಯರಿಗೆ ಕ್ವೆರಿ, ಅಂದರೆ ಸ್ಪಷ್ಟನೆ ಕೋರುವ ಪ್ರಶ್ನೆ ಕಳಿಸಿ. 'ಇದು ಎಕ್ಸ್‌ಕೋರಿಯೇಶನ್ ಡಿಸಾರ್ಡರ್ ಅಲ್ಲವೇ?' ಎಂದು ಕೇಳಬಾರದು, ಉತ್ತರವನ್ನು ನಾವೇ ವೈದ್ಯರ ಬಾಯಿಗೆ ಹಾಕಿದಂತಾಗುತ್ತದೆ. 'ಮುಂಗೈ ಮೇಲಿನ ಎಕ್ಸ್‌ಕೋರಿಯೇಶನ್‌ಗಳಿಗೆ ಕಾರಣವಾದ ರೋಗನಿರ್ಣಯವನ್ನು ದಯವಿಟ್ಟು ದಾಖಲಿಸಿ' ಎಂದು ಕೇಳಿ. ಆಯ್ಕೆಗಳನ್ನು ಕೊಡುವುದಾದರೆ ಚಾರ್ಟ್‌ನಲ್ಲಿರುವ ಲಕ್ಷಣಗಳು ಒಪ್ಪುವಂಥವನ್ನು ಮಾತ್ರ ಕೊಡಿ. 'ಬೇರೆ' ಮತ್ತು 'ನಿರ್ಧರಿಸಲಾಗದು' ಎಂಬ ಎರಡೂ ಸೇರಿರಲಿ.

ಇನ್ನು ಚೆನ್ನಾಗಿ ಬರೆದ ಚಾರ್ಟ್ ಹೇಗಿರುತ್ತದೆ? ಡಿಎಸ್ಎಂ-5 ಕೇಳುವುದನ್ನು ಸರಳವಾಗಿ ಹೇಳುತ್ತೇನೆ. ಮತ್ತೆ ಮತ್ತೆ ಚರ್ಮ ಕಿತ್ತು ಗಾಯವಾಗಿರಬೇಕು. ಬಿಡಬೇಕು, ಕಡಿಮೆ ಮಾಡಬೇಕು ಎಂದು ರೋಗಿ ಪದೇ ಪದೇ ಪ್ರಯತ್ನಿಸಿರಬೇಕು. ಅದರಿಂದ ಸಂಕಟವಾಗಿರಬೇಕು, ಇಲ್ಲವೇ ಕೆಲಸಕ್ಕೆ, ಓದಿಗೆ, ಜನರೊಡನೆ ಬೆರೆಯುವುದಕ್ಕೆ ತೊಡಕಾಗಿರಬೇಕು. ಕೊಕೇನ್‌ನಂಥ ಮಾದಕವಸ್ತುವಾಗಲಿ ಕಜ್ಜಿಯಂಥ ಕಾಯಿಲೆಯಾಗಲಿ ಕಾರಣವಾಗಿರಬಾರದು. ಕೊನೆಯದಾಗಿ, ಬೇರೆ ಮನೋರೋಗದಿಂದ ಇದನ್ನು ವಿವರಿಸಲು ಆಗಬಾರದು. ಚರ್ಮದೊಳಗೆ ಹುಳು ಹರಿಯುತ್ತಿದೆ ಎಂಬ ಭ್ರಮೆಯಿಂದ ಕೀಳುವವರ ಕಾಯಿಲೆ ಬೇರೆ. ಮುಖ ಕುರೂಪವಾಗಿದೆ ಎಂಬ ಚಿಂತೆಯಿಂದ ಅದನ್ನು 'ಸರಿಪಡಿಸಲು' ಕೀಳುವವರದೂ ಬೇರೆ. ತನಗೆ ನೋವು ಮಾಡಿಕೊಳ್ಳಬೇಕೆಂದೇ ಗಾಯ ಮಾಡಿಕೊಳ್ಳುವವರದು ಮತ್ತೂ ಬೇರೆ.

ಒಳ್ಳೆಯ ವೈದ್ಯರು ಇವನ್ನೆಲ್ಲ ಕೆಲವೇ ಸಾಲುಗಳಲ್ಲಿ ಬರೆಯುತ್ತಾರೆ. ಮಾದರಿಗೆ ಹೀಗೆ: 'ಕಾಲೇಜು ದಿನಗಳಿಂದ ಎಡ ಮುಂಗೈ ಮತ್ತು ಭುಜದ ಚರ್ಮ ಕಿತ್ತುಕೊಳ್ಳುತ್ತಾರೆ. ರಾತ್ರಿ ಓದುವಾಗ ಹೆಚ್ಚು, ಕೆಲವೊಮ್ಮೆ ಅರಿವಿಲ್ಲದೆಯೇ. ಕೈಗವಸು ಹಾಕಿಕೊಂಡು, ಉಗುರು ಕತ್ತರಿಸಿಕೊಂಡು ಬಿಡಲು ಪ್ರಯತ್ನಿಸಿ ಸೋತಿದ್ದಾರೆ. ಗಾಯ ಕಾಣುತ್ತದೆಂದು ಕೆಲಸಕ್ಕೆ ರಜೆ ಹಾಕುತ್ತಾರೆ. ಕೈಗೆಟುಕದ ಬೆನ್ನಿನ ನಡುಭಾಗದ ಚರ್ಮ ಸ್ವಚ್ಛವಾಗಿದೆ. ಕಜ್ಜಿ ಇಲ್ಲ, ಮಾದಕವಸ್ತು ಬಳಕೆ ಇಲ್ಲ, ಭ್ರಮೆ ಇಲ್ಲ, ಸ್ವಹಾನಿಯ ಉದ್ದೇಶ ಇಲ್ಲ. ನಿರ್ಣಯ: ಎಕ್ಸ್‌ಕೋರಿಯೇಶನ್ ಡಿಸಾರ್ಡರ್.' ಬೆನ್ನಿನ ಬಗ್ಗೆ ಬರೆದ ಆ ಒಂದು ವಾಕ್ಯವನ್ನು ಗಮನಿಸಿ. ಇಡೀ ಮೈ ತುರಿಸುವ ಕಾಯಿಲೆಯಲ್ಲೂ ಕೈ ಎಟುಕದ ಜಾಗ ಗಾಯವಿಲ್ಲದೆ ಉಳಿಯುತ್ತದೆ, ಹಾಗಾಗಿ ಅದೊಂದೇ ಈ ಗೀಳನ್ನು ಸಾಬೀತು ಮಾಡುವುದಿಲ್ಲ. ಆದರೆ ಗಾಯಗಳು ಕೈಯಿಂದಲೇ ಆದವು ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ನಿರ್ಣಯದ ಹಿಂದೆ ಪರೀಕ್ಷೆಯ ಆಧಾರವಿದೆ ಎಂದು ವಿಮೆಯವರಿಗೂ ಅದರಿಂದ ತಿಳಿಯುತ್ತದೆ.

ಇಂಥ ಚಾರ್ಟ್‌ಗೆ ಎಫ್42.4 ಸಾಕು. ಕೆರೆದ ಗಾಯಗಳಿಗೆ ಬೇರೆ ಕೋಡ್ ಬೇಡ, ಅವು ಕಾಯಿಲೆಯ ಅಂಗವೇ. ಆದರೆ ಗಾಯಕ್ಕೆ ಸೋಂಕು ತಗುಲಿ ಸೆಲ್ಯುಲೈಟಿಸ್ ಆಗಿದ್ದರೆ ಅದು ಪ್ರತ್ಯೇಕ ತೊಂದರೆ, ಅದಕ್ಕೆ ತನ್ನದೇ ಕೋಡ್ ಬೇಕು. ಎಡಗೈಯದಾದರೆ ಎಲ್03.114. ಕಲ್ಚರ್ ವರದಿ ಬಂದು, ಔಷಧಕ್ಕೆ ಬಗ್ಗದ ಎಂಆರ್‌ಎಸ್‌ಎ ಕಾರಣವೆಂದು ವೈದ್ಯರು ಬರೆದಿದ್ದರೆ ಜೊತೆಗೆ ಬಿ95.62. ಯಾವುದು ಮೊದಲು ಎಂಬುದು ಆ ದಿನದ ಭೇಟಿ ಮುಖ್ಯವಾಗಿ ಯಾವುದಕ್ಕಾಗಿ ಎಂಬುದನ್ನು ಅವಲಂಬಿಸಿದೆ. ಸೋಂಕಿಗೆ ಔಷಧ ಪಡೆಯಲು ಬಂದಿದ್ದರೆ ಎಲ್03.114 ಮೇಲೆ, ಗೀಳು ಕೆಳಗೆ. ಗೀಳಿನ ಥೆರಪಿಗೆ ಬಂದಿದ್ದರೆ ಎಫ್42.4 ಮೇಲೆ.

'ಸಸ್ಪೆಕ್ಟೆಡ್', 'ಪ್ರಾಬಬಲ್' ಎಂಬ ಪದಗಳು ಕಂಡರೆ ನಿಲ್ಲಿ. ಹೊರರೋಗಿಗಳ ಚಾರ್ಟ್‌ನಲ್ಲಿ ಅನುಮಾನದ ನಿರ್ಣಯಕ್ಕೆ ಕೋಡ್ ಹಾಕುವಂತಿಲ್ಲ, ಖಚಿತವಾಗಿರುವ ಲಕ್ಷಣಕ್ಕಷ್ಟೇ ಹಾಕಬೇಕು. ಒಳರೋಗಿಯಾಗಿ ದಾಖಲಾಗಿ ಬಿಡುಗಡೆಯಾಗುವಾಗಲೂ ಅದೇ ಅನುಮಾನ ಉಳಿದಿದ್ದರೆ, ಆಸ್ಪತ್ರೆಯ ಕಡೆಯ ಕೋಡಿಂಗ್‌ನಲ್ಲಿ ಅದನ್ನು ಇದೆ ಎಂದೇ ತೆಗೆದುಕೊಳ್ಳುತ್ತಾರೆ. ಇದು ಅಧಿಕೃತ ಮಾರ್ಗಸೂಚಿಯಲ್ಲೇ ಇರುವ ವ್ಯತ್ಯಾಸ. ಹಾಗೆಯೇ, ಚರ್ಮ ಕಿತ್ತುಕೊಂಡದ್ದನ್ನು ಸ್ವಹಾನಿ ಎಂದು ನೀವಾಗಿಯೇ ಅರ್ಥ ಮಾಡಿಕೊಳ್ಳಬೇಡಿ. ಆತ್ಮಹತ್ಯೆಯ ಉದ್ದೇಶವಿಲ್ಲದ ಸ್ವಹಾನಿಗೆ 2021ರ ಅಕ್ಟೋಬರ್‌ನಿಂದ ಆರ್45.88 ಎಂಬ ಕೋಡ್ ಇದೆ. ವೈದ್ಯರು ಹಾಗೆಂದು ಬರೆದಿದ್ದರೆ ಮಾತ್ರ ಅದು ಬಳಕೆಗೆ ಬರುತ್ತದೆ.

ನಿಮ್ಮ ಅಕ್ಕನಿಗೂ ಒಂದು ಮಾತು. ನಮ್ಮಲ್ಲಿ ಮನೋರೋಗದ ಕೋಡ್ ಹಾಕಿದರೆ ವಿಮೆ ಸಿಗುವುದಿಲ್ಲ, ಚರ್ಮದ ಕೋಡ್ ಇದ್ದರೆ ಕ್ಷೇಮ ಎಂಬ ಮಾತು ಕೇಳಿಬರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಕಲಂ, ದೈಹಿಕ ಕಾಯಿಲೆಗೆ ಇರುವ ಆಧಾರದ ಮೇಲೆಯೇ ಮಾನಸಿಕ ಕಾಯಿಲೆಗೂ ವಿಮೆ ಒದಗಿಸಬೇಕೆಂದು ಪ್ರತಿ ವಿಮಾ ಕಂಪನಿಗೂ ವಿಧಿಸಿದೆ. 2018ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವೂ ಈ ಬಗ್ಗೆ ಕಂಪನಿಗಳಿಗೆ ಸೂಚನೆ ಕೊಟ್ಟಿತು. ಆದ್ದರಿಂದ ಕೋಡ್ ವೈದ್ಯರ ನಿರ್ಣಯವನ್ನು ಹಿಂಬಾಲಿಸಲಿ, ವಿಮೆಯ ಅಂಜಿಕೆಯನ್ನಲ್ಲ. ಅದೇ ಕಾಯ್ದೆಯ 23ನೇ ಕಲಂ ರೋಗಿಯ ಗೋಪ್ಯತೆಯನ್ನೂ ಕಾಯುತ್ತದೆ. ಅಮೆರಿಕದ ಚಾರ್ಟ್‌ಗಳಿಗೆ 1996ರ ಹಿಪಾ ಕಾಯ್ದೆಯ ಕಾವಲಿರುವುದು ನಿಮಗೆ ತರಬೇತಿಯ ಮೊದಲ ವಾರದಲ್ಲೇ ತಿಳಿದಿರುತ್ತದೆ.

ಕೊನೆಗೆ, ನೀವು ಕೇಳದಿದ್ದರೂ ಹೇಳಬೇಕೆನಿಸಿದ್ದು. ಈ ಗೀಳು ಅಪರೂಪವಲ್ಲ. ಡಿಎಸ್ಎಂ-5ರ ಪ್ರಕಾರ ವಯಸ್ಕರಲ್ಲಿ ಜೀವಮಾನದಲ್ಲಿ ಶೇ. 1.4ರಷ್ಟು ಅಥವಾ ಸ್ವಲ್ಪ ಹೆಚ್ಚು ಜನಕ್ಕೆ ಇದು ಬರುತ್ತದೆ, ಅವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಹೆಂಗಸರು. 1973ರಲ್ಲಿ ಅಜ್ರಿನ್ ಮತ್ತು ನನ್ ಎಂಬ ಮನೋವಿಜ್ಞಾನಿಗಳು ವಿವರಿಸಿದ ಅಭ್ಯಾಸ ಬದಲಿಸುವ ಚಿಕಿತ್ಸೆ ಇದಕ್ಕೆ ನೆರವಾಗುತ್ತದೆ. ಕೈ ಚರ್ಮದತ್ತ ಹೋಗುವ ಕ್ಷಣವನ್ನು ಗುರುತಿಸಿ, ಆಗ ಮುಷ್ಟಿ ಬಿಗಿಯುವಂಥ ಬೇರೊಂದು ಕೆಲಸವನ್ನು ಕೈಗೆ ಕೊಡುವುದನ್ನು ಅದರಲ್ಲಿ ಕಲಿಸುತ್ತಾರೆ. ಈ ಉತ್ತರ ಓದುತ್ತಿರುವವರಲ್ಲಿ ಯಾರಿಗಾದರೂ ಇದು ತಮ್ಮದೇ ಕಥೆ ಅನ್ನಿಸಿದರೆ, ಚರ್ಮವೈದ್ಯರ ಜೊತೆಗೆ ಮನೋವೈದ್ಯರನ್ನೂ ಒಮ್ಮೆ ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ರೋಗಗಳಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ದೂರದ ಊರಿನವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಅದು ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು, ಕರೆಗೆ ಹಣ ಕೊಡಬೇಕಾಗಿಲ್ಲ.